ಮುಟ್ಟದೆ ಬಿಟ್ಟ ಮೂರನೆಯ ತಂತಿ

ಮಾವ,

"ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು" ಎಂದು ಕೈ ತಾನಾಗಿ ಓಡುತ್ತಿತ್ತು, ತಡೆದೆ. ನೀವಿರುವ ಕಡೆಯಿಂದ ಟಪಾಲು ಬರುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ಆದರೂ ಕೂತು ಬರೆಯುತ್ತಿದ್ದೇನೆ. ನಿಮ್ಮ ಮಗ ಅಂಗಡಿಯಲ್ಲಿದ್ದಾರೆ, ಅತ್ತೆ ಹಿತ್ತಲಲ್ಲಿ ಹಪ್ಪಳಕ್ಕೆ ಕಾಗೆ ಕಾಯುತ್ತಿದ್ದಾರೆ, ಗಿಟಾರು ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದೆ. ನಿಮಗೊಂದು ಸುದ್ದಿ ಹೇಳಬೇಕು. ಅದನ್ನೇ ಮೊದಲು ಹೇಳಿದರೆ "ತಲೆ ಬುಡ ಇಲ್ದಂಗೆ ಯೋಳ್ಬ್ಯಾಡ ಮಗ" ಎನ್ನುತ್ತೀರಿ. ಅದಕ್ಕೇ ಬುಡದಿಂದ ಬರುತ್ತೇನೆ.

ಮದುವೆಯಾಗಿ ಹುಣಸೂರಿಗೆ ಬಂದ ಹೊಸದರಲ್ಲಿ ನಿಮ್ಮ ಅಂಗಡಿಯನ್ನು ಕಂಡು ನನಗೆ ನಗು ಬಂದಿತ್ತು. ಕೃಷ್ಣರಾಜನಗರದ ನಮ್ಮ ತವರಲ್ಲಿ ಎಲ್ಲರದೂ ಭತ್ತ, ಬೆಲ್ಲದ ಮಾತು. ಇಲ್ಲಿ ನೋಡಿದರೆ ಹಗ್ಗ, ಮೂಗುದಾರ, ಗೆಜ್ಜೆ, ಎತ್ತಿನ ಕೊರಳ ಗಂಟೆ. ಒಂದು ದಿನ ಕೋಟೆ ಕಡೆಯ ರೈತನೊಬ್ಬ ಹೊಸ ಜೋಡಿಗೆ ಗಂಟೆ ಕೇಳಿದ. ನೀವು ಒಂದನ್ನು ಆಡಿಸಿದಿರಿ, ಕಣ್ಣು ಮುಚ್ಚಿದಿರಿ, ಇನ್ನೊಂದನ್ನು ಹುಡುಕುತ್ತ ಅರ್ಧ ಅಂಗಡಿಯನ್ನೇ ಕೆಳಗಿಳಿಸಿದಿರಿ. ಎರಡೂ ಒಂದೇ ಥರದ್ದನ್ನು ಕೊಟ್ಟು ಕಳಿಸಬಾರದೇ ಎಂದು ಬಾಗಿಲ ಮರೆಯಿಂದ ಕೇಳಿದೆ. "ಎರಡೂ ಒಂದೇ ದನಿ ಆದ್ರೆ ಒಂದೇ ಎತ್ತು ನಡೆದಂಗಿರ್ತದೆ ಕಣ್ ಮಗ. ಬ್ಯಾರೆ ಬ್ಯಾರೆ ಇರಬೇಕು, ಆದ್ರೆ ಜಗಳ ಆಡಬಾರ್ದು" ಎಂದಿರಿ. ಆಮೇಲೆ ನಾನು ಕಲಿತ ಸಂಗೀತವೆಲ್ಲ ಆ ಒಂದು ಮಾತಿನಲ್ಲೇ ಇತ್ತು.

ಆಗ ನನಗೆ ದನಿಯಿತ್ತು. ಎಷ್ಟೆಂದರೆ ಬೀದಿಯಲ್ಲಿ ಎಲ್ಲಿ ಶುಭಕಾರ್ಯವಾದರೂ ಸೋಬಾನೆಯ ಮೊದಲ ಸೊಲ್ಲು ಎತ್ತಲು ನನ್ನನ್ನೇ ಕರೆಯುತ್ತಿದ್ದರು. ನೀವು ಜಗಲಿಯಲ್ಲಿ ಕೂತು ಅತ್ತೆಗೆ "ನಮ್ಮ ಸರ್ವಮಂಗಳ ಎತ್ತಿದ್ದು ಕೇಳ್ತಾ?" ಎಂದು ಹೆಮ್ಮೆಪಡುತ್ತಿದ್ದಿರಂತೆ. ಗಂಟಲಿಗೆ ಆ ಬಾವು ಬಂದು ತಿಂಗಳುಗಟ್ಟಲೆ ಗಂಜಿಯಲ್ಲೇ ಬದುಕಿ ಎದ್ದಾಗ ಜೀವ ಉಳಿದಿತ್ತು, ದನಿ ಉಳಿದಿರಲಿಲ್ಲ. ಮಾತಾಡಿದರೆ ಗಂಡಸಿನ ಹಾಗೆ ಗೊಗ್ಗರು, ಮೇಲಕ್ಕೆತ್ತಿದರೆ ಬರೀ ಗಾಳಿ. ಮಗ್ಗುಲ ಮನೆಯ ಆರತಿಯಲ್ಲಿ ಹುಂಬತನದಿಂದ ಒಂದು ಸೊಲ್ಲು ಎತ್ತಿದೆ. ಹೆಂಗಸರು ತಲೆ ತಗ್ಗಿಸಿದರು. ಯಾರೋ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವತ್ತು ಮನೆಗೆ ಬಂದು, ಇನ್ನು ಈ ಬಾಯಲ್ಲಿ ಹಾಡೆಂಬುದು ಬರುವುದಿಲ್ಲ ಎಂದು ನಿಮ್ಮೆದುರೇ ಹೇಳಿದೆ. ನೀವು ಸಮಾಧಾನದ ಒಂದು ಮಾತೂ ಆಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಎದ್ದು ಹೋದಿರಿ. ಎಂಥ ಕಲ್ಲು ಮನುಷ್ಯ ಎಂದುಕೊಂಡೆ.

ಪಿರಿಯಾಪಟ್ಟಣದ ಆಚೆ, ಕೊಡಗಿನ ದಾರಿಯ ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೊರಟು ನಿಂತಾಗ ನೀವು ಅವನ ಸಾರೋಟಿನ ಹಳೇ ಚರ್ಮದ ಸಾಮಾನು ತರಲು ಹೋಗಿದ್ದಿರಿ. ಬಂದಾಗ ಗಾಡಿಯಲ್ಲಿ ಚರ್ಮದ ಪಟ್ಟಿಗಳ ನಡುವೆ ಹೊಟ್ಟೆ ಊದಿಸಿಕೊಂಡು ಮಲಗಿತ್ತಲ್ಲ ಈ ಗಿಟಾರು! ಅತ್ತೆ ಅದನ್ನು ನೋಡಿ, ಸೋರೆ ಬುರುಡೆ ಇಲ್ಲದ ತಂಬೂರಿ ಯಾಕೆ ತಂದಿರಿ ಎಂದು ಕೇಳಿದರು. ಮೈಸೂರಿನಿಂದ ಹೊಸ ತಂತಿ ತರಿಸಿದಿರಿ. ಕಟ್ಟಿದ ಮೇಲೆ ಗುಡಿಯಲ್ಲಿ ನೀವು ಹಾಡುವ ಭಜನೆಗೆ ಹಿಡಿದುಕೊಂಡು ಹೋಗುತ್ತೀರಿ ಎಂದುಕೊಂಡಿದ್ದೆ. ತಂದು ನನ್ನ ತೊಡೆಯ ಮೇಲೆ ಇಟ್ಟಿರಿ. ಗಂಟಲು ಕೆಟ್ಟರೆ ಕೈಗೇನಾಗಿದೆ ಎಂದು ಕೇಳಿದಿರಿ. ಅಷ್ಟೇ. ಸೊಸೆಯ ಕೈಗೆ ದೊರೆಗಳ ವಾದ್ಯ ಕೊಟ್ಟ ಮಾವ ಹುಣಸೂರಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಲಿ ನೋಡೋಣ.

ಪ್ರತಿ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ನೀವೇ ಶ್ರುತಿ ಮಾಡಿ ಕೊಡುತ್ತಿದ್ದಿರಿ, ತಂತಿ ಏರಿಸುವ ಬಿರಡೆ ನನ್ನ ಕೈಗೆ ಬಿಗಿ ಎಂದು. ಹಾರ್ಮೋನಿಯಂನಲ್ಲಿ ಸ-ಗ-ಪ ಒಟ್ಟಿಗೆ ಒತ್ತಿದರೆ ಹೇಗೋ ಹಾಗೆ ತಂತಿಗಳನ್ನೆಲ್ಲ ಆ ಮೂರು ಸ್ವರಗಳಿಗೇ ಹಂಚಿಬಿಟ್ಟಿದ್ದಿರಿ. ಎಲ್ಲರೂ ಸ ತಂತಿಯಿಂದ ಶುರು ಮಾಡಿದರೆ ನೀವು ಸಣ್ಣ ತಂತಿಯ ಕಡೆಯಿಂದ ಮೂರನೆಯದು, ಆ ಗ ತಂತಿಯನ್ನೇ ಮೊದಲು ಹಿಡಿಯುತ್ತಿದ್ದಿರಿ. ಹಿಡಿದುಕೊಂಡು, ಒಲೆಯ ಮುಂದಿದ್ದ ನನ್ನ ಕಡೆ ತಿರುಗಿ "ಕಾಫಿ ಆಯ್ತಾ ಮಗ?" ಎಂದು ಕೇಳುವುದು. ನಾನು "ಹೂಂ" ಎನ್ನುವುದು. ಒಂದೊಂದು ದಿನ ನಿಮ್ಮೆದುರೇ ಕೂತು ಕುಡಿದು ಲೋಟ ಕೆಳಗಿಟ್ಟಿರುತ್ತಿದ್ದೆ, ಆಗಲೂ ಅದೇ ಪ್ರಶ್ನೆ. ವಯಸ್ಸಾಯಿತು, ಮರೆವು ಎಂದುಕೊಂಡು ಇನ್ನೊಂದು ಸಲ "ಹೂಂ" ಎನ್ನುತ್ತಿದ್ದೆ.

ಪೀಟರ್ ರೈಟರು ಬಂದ ದಿನವನ್ನು ನೆನೆದರೆ ಈಗಲೂ ನಗು. ಅದೇ ತೋಟದಲ್ಲಿ ಲೆಕ್ಕ ಬರೆಯುತ್ತಿದ್ದ ಸಾಧು ಮನುಷ್ಯ, ಮಡಿಕೇರಿ ಬಸ್ಸು ತಪ್ಪಿದರೆ ನಮ್ಮ ಜಗಲಿಯೇ ಅವರ ಸ್ಟ್ಯಾಂಡು. ಗಿಟಾರು ಮೀಟಿ ನೋಡಿ, ಅಯ್ಯೋ ಇದನ್ನು ಹೀಗೆ ಎಲ್ಲೂ ಶ್ರುತಿ ಮಾಡುವುದಿಲ್ಲ, ತುಂಬಾ ಕೆಳಗೂ ಇದೆ ಎಂದು ತಮ್ಮ ಪದ್ಧತಿಗೆ ತಿರುಗಿಸಿ ಚೆಂದವಾಗಿ ನುಡಿಸಿದರು. ನನಗೂ ಅದೇ ಸರಿ ಎನಿಸಿತು. ಅವರು ಕೆಳಗಿಟ್ಟ ಕೂಡಲೇ ನೀವು ಎತ್ತಿಕೊಂಡು, "ನಿಮ್ಮ ಕೈಗೆ ಅದು ಚೆಂದ ರೈಟರೆ, ನಮ್ಮನೆಗೆ ಇಂಗೇ ಇರ್ಲಿ" ಎಂದು ಮತ್ತೆ ಇಳಿಸಿಬಿಟ್ಟಿರಿ. ನನಗೋ ನಾಚಿಕೆ. ಆ ಪುಣ್ಯಾತ್ಮ ಬೇಜಾರು ಮಾಡಿಕೊಳ್ಳದೆ, ಈ ಶ್ರುತಿಯಲ್ಲಾದರೆ ಒಂದೇ ಬೆರಳು ಸಾಕಲ್ಲ ಎಂದು ಖುಷಿಪಟ್ಟು ಮೂರು ಕಾರ್ಡು, ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಮೂರು ಗೊಂಚಲು, ತೋರಿಸಿಕೊಟ್ಟರು. ತಂತಿಗಳನ್ನು ಹಾಗೇ ಬಿಟ್ಟು ಮೀಟಿದರೆ ಒಂದು, ಗಿಟಾರಿನ ಕೊರಳಿನ ಐದನೇ ಮೆಟ್ಟಿಲ ಮೇಲೆ ಬೆರಳು ಅಡ್ಡ ಮಲಗಿಸಿದರೆ ಇನ್ನೊಂದು, ಏಳನೆಯದರಲ್ಲಿ ಮತ್ತೊಂದು. ನೀವು ಅವಕ್ಕೆ ಅಲ್ಲೇ ನಾಮಕರಣ ಮಾಡಿದಿರಿ: ಮನೆ, ಹೊಳೆ, ಸಂತೆ.

ಆ ಮೂರು ಬಂದ ಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಯಾವ ಹಾಡಿಗಾದರೂ ಮನೆಯಿಂದ ಹೊರಟು, ಹೊಳೆ ದಾಟಿ, ಸಂತೆ ಮುಟ್ಟಿ, ಮನೆಗೆ ಬರುವುದು. ತತ್ವಪದವೂ ಹಾಗೇ, ಲಾಲಿಯೂ ಹಾಗೇ. ನೀವು ಹಾಡುತ್ತ ಹಾಡುತ್ತ ಆಕಳಿಸಿದಿರಲ್ಲ, ನೆನಪಿದೆಯೇ? ದಿನಾ ಸಂತೆಗೆ ಹೋದ ಕೂಡಲೇ ಮನೆಗೆ ಓಡಿ ಬಂದರೆ ವ್ಯಾಪಾರ ಮಾಡುವುದು ಯಾವಾಗ ಎಂದು ಕೇಳಿದಿರಿ. ಅಂತರಸಂತೆಯ ಸಂತೆಗೆ ಗಂಟೆ ಮಾರಲು ಹೋದರೆ ಹೇಗೆ ಬಿಸಿಲು ಇಳಿಯುವ ತನಕ ಕೂರುತ್ತೀರೋ ಹಾಗೆ ಸಂತೆಯ ಗೊಂಚಲಿನ ಮೇಲೇ ಎರಡು ಸಾಲು ಕೂರಿಸಿದಿರಿ. ಬೆರಳು ನೋಯುತ್ತಿತ್ತು, ಮನಸ್ಸು ಮನೆಗೆ ಎಳೆಯುತ್ತಿತ್ತು. ಕೊನೆಗೆ ಬೆರಳು ಎತ್ತಿ ತೆರೆದ ತಂತಿ ಮೀಟಿದಾಗ ಬಾಗಿಲಲ್ಲಿ ತಂಬಿಗೆ ನೀರು ಕೊಟ್ಟಂತಾಯಿತು. ಅದೇ ಹಾಡು, ಅವೇ ಮೂರು ಗೊಂಚಲು. ನೀವು ಹೊಸದೇನನ್ನೂ ಸೇರಿಸಿರಲಿಲ್ಲ, ಬರುವುದನ್ನು ತಡ ಮಾಡಿದ್ದಿರಿ ಅಷ್ಟೇ.

ಮಳೆ ಹಿಡಿದು ಅಂಗಡಿಗೆ ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ನೀವು "ಪಕ್ಕದ ಮನೆ"ಯನ್ನು ಕಂಡುಹಿಡಿದಿರಿ. ಎರಡು ಪ ತಂತಿಗಳನ್ನು ಮಾತ್ರ ಎರಡನೇ ಮೆಟ್ಟಿಲಲ್ಲಿ ಒತ್ತು ಎಂದಿರಿ. ಒತ್ತಿದೆ. ಮನೆಯೇ, ಆದರೆ ಮನೆಯಲ್ಲ; ಏನೋ ಹೇಳದೆ ಉಳಿಸಿಕೊಂಡವರ ಮುಖದ ಹಾಗೆ... "ಮೂರು ಜನದಲ್ಲಿ ಇಬ್ರು ನಮ್ಮನೆಯವರೇ ಕಣ್ ಮಗ, ಒಬ್ಬ ಮಾತ್ರ ಪಕ್ಕದ ಮನೆಯೋನು" ಎಂದು ನೀವು ಮಗುವಿನ ಹಾಗೆ ನಕ್ಕಿರಿ. ಮುಂದಿನ ಸಲ ಪೀಟರ್ ರೈಟರು ಬಂದಾಗ ಅವರಿಗೆ ನುಡಿಸಿ ತೋರಿಸಿದೆ. ಕೊಡಗು ಮೈಸೂರಿಗೆ ಸೇರಿದ ವರ್ಷ ಅದು, ನಾವೂ ಈಗ ನಿಮ್ಮ ಪಕ್ಕದ ಮನೆಯಲ್ಲ, ಒಂದೇ ಮನೆ ಎಂದು ಅವರು ತಮಾಷೆ ಮಾಡಿದರು. ಸಂತೆಯಿಂದ ಮನೆಗೆ ಹೋಗುತ್ತೇವೆ ಎಂದು ಕೇಳುವವರು ನಂಬಿರುವಾಗ ಪಕ್ಕದ ಮನೆಗೆ ನುಗ್ಗಿಬಿಡುವುದು ನಿಮಗೆ ಎಷ್ಟು ಇಷ್ಟವಾಗಿತ್ತು!

ಭಜನೆಯವರು ನಿಮ್ಮನ್ನು ಛೇಡಿಸುತ್ತಿದ್ದುದು ನನ್ನ ಕಿವಿಗೂ ಬೀಳುತ್ತಿತ್ತು. ಗುಡಿಯಲ್ಲಿ ಎತ್ತರದ ಶ್ರುತಿಗೆ ಹಾಡಿದರೆ ಹೊಳೆಯಾಚೆ ಕೇಳುತ್ತಿದ್ದ ದನಿ, ಮನೆಯಲ್ಲಿ ಗಿಟಾರಿನ ಜೊತೆ ಕೂತರೆ ಬಾವಿಯೊಳಗಿನಿಂದ ಬಂದ ಹಾಗೆ. ಕೆಳಗಿನ ಸ್ವರಗಳು ಬಂದರೆ ಬರೀ ತುಟಿ ಆಡುತ್ತಿತ್ತು. ಸ್ವಲ್ಪ ಏರಿಸಿ ಮಾವ ಎಂದು ನಾನೆಷ್ಟು ಸಲ ಹೇಳಲಿಲ್ಲ? ಏರಿಸಿದರೆ ತಂತಿ ಕಿತ್ತುಹೋಗುತ್ತದೆ ಎಂದು ಒಂದು ದಿನ, ಬಿರಡೆ ಸಡಿಲ ಎಂದು ಇನ್ನೊಂದು ದಿನ. ಊರಿಗೆಲ್ಲ ಹಗ್ಗ ಮಾರುವ ಮನುಷ್ಯ ತಂತಿಗೆ ಇಷ್ಟು ಹೆದರುವುದೇ ಎಂದು ನನಗೆ ಸಿಟ್ಟೇ ಬರುತ್ತಿತ್ತು.

ನನ್ನ ನಾದಿನಿ ಗಿರಿಜೆಗೆ ಗಂಡು ನೋಡಲು ಶುರುಮಾಡಿದ ಬೇಸಿಗೆಯಲ್ಲಿ ನೀವು ಅವಳ ಮದುವೆಗೆಂದು ನಮ್ಮದೇ ಒಂದು ಹಾಡು ಕಟ್ಟಿದಿರಿ. ಮಾತುಗಳು ಎಷ್ಟು ಸರಳ:

ಎಡದ ಎತ್ತಿಗೆ ಒಂದು ಗಂಟೆ,
ಬಲದ ಎತ್ತಿಗೆ ಒಂದು ಗಂಟೆ,
ದಾರಿ ಒಂದೇ, ದನಿ ಎರಡು,
ಊರು ಬಂತು, ನಿಲ್ಲೊ ಗಾಡಿ.

ಮೊದಲ ಸುತ್ತು ಮನೆಯಲ್ಲಿ ನಿಂತಿತು. ಎರಡನೇ ಸುತ್ತಿನಲ್ಲಿ "ನಿಲ್ಲೊ ಗಾಡಿ" ಎನ್ನುವಾಗ ಪಕ್ಕದ ಮನೆಯಲ್ಲಿ ನಿಲ್ಲಿಸಿದಿರಿ, ಗಿರಿಜೆ ಗಂಡನ ಮನೆಗೆ ಹೋಗಿ ನಿಂತಳು ಎಂದು ಅತ್ತೆ ಕಣ್ಣೊರೆಸಿಕೊಂಡರು. ಕಡೇ ಸುತ್ತೇ ತೊಡಕಾಯಿತು. ಮನೆಗೇ ಬರಬೇಕು, ಆದರೆ ಹೊರಟಾಗಿನ ಮನೆಯಲ್ಲ ಎನ್ನುತ್ತಿದ್ದಿರಿ. ಏನೇನೋ ಹುಡುಕಿ, ಒಂದು ದಿನ ನನಗೆ ಹೇಳಿದಿರಿ: "ಕಡೇಲಿ ಮನೆ ಮೀಟು, ಆದ್ರೆ ಮೂರ್ನೇ ತಂತಿ ಮುಟ್ಬ್ಯಾಡ." ಮೀಟಿದೆ. ಗ ಇಲ್ಲದ ಮನೆ ನಗುವುದೂ ಇಲ್ಲ, ಅಳುವುದೂ ಇಲ್ಲ, ಬಾಗಿಲು ತೆಗೆದು ಸುಮ್ಮನೆ ಕೂತಿರುತ್ತದೆ. ನೀವು ಹಾಡು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಿರಿ. ತಂತಿಗಳ ದನಿ ಪೂರ್ತಿ ಆರುವ ತನಕ ನೋಡುತ್ತಿದ್ದಿರಿ. ಆಮೇಲೆ "ಇನ್ನೂ ಸಿಕ್ಕಿಲ್ಲ, ಬುಡು, ನಾಳೆ ನೋಡಾನ" ಎಂದು ಟವಲು ಹೆಗಲಿಗೆ ಹಾಕಿಕೊಂಡು ಎದ್ದುಬಿಡುತ್ತಿದ್ದಿರಿ. ಅಲ್ಲಿಗೊಂದು ಹೊಸ ಗೊಂಚಲು ಹುಡುಕುತ್ತಿದ್ದಾರೆ ಎಂದು ನಾನು ನಂಬಿದ್ದೆ. ನಾನೂ ಹುಡುಕುತ್ತಿದ್ದೆ, ನಿಮಗಿಂತ ಮೊದಲು ಸಿಕ್ಕಿದರೆ ನಿಮ್ಮನ್ನು ಛೇಡಿಸಬಹುದು ಎಂದು.

ಅಂತರಸಂತೆಯಿಂದ ಜ್ವರ ಹೊತ್ತು ಬಂದು ಮಲಗಿದವರು ನೀವು ಮತ್ತೆ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಆ ದಿನಗಳನ್ನು ಬರೆಯಲಾರೆ, ನಿಮಗೇ ಗೊತ್ತಲ್ಲ... ಗಿಟಾರಿಗೆ ಹಳೇ ಸೀರೆ ಸುತ್ತಿ ಅಟ್ಟಕ್ಕೆ ಹಾಕಿದೆವು. ಗಿರಿಜೆಗೆ ಪಿರಿಯಾಪಟ್ಟಣದ ಗಂಡು ಗೊತ್ತಾದ ಮೇಲೆ ಅವಳೇ ಬಂದು ನನ್ನೆದುರು ಕೂತಳು. ಅಪ್ಪನ ಹಾಡಿಲ್ಲದೆ ಹಸೆಗೆ ಕೂರುವುದಿಲ್ಲ, ಹಾಡುವುದು ನಾನೇ ಹಾಡುತ್ತೇನೆ, ಅತ್ತಿಗೆ ನುಡಿಸಬೇಕು ಎಂದಳು. ಹಟದಲ್ಲಿ ನಿಮ್ಮ ಮಗಳೇ. ಅಟ್ಟದಿಂದ ಇಳಿಸಿದರೆ ತಂತಿಗಳೆಲ್ಲ ಸಡಿಲ ಬಿದ್ದು ಜೋತಾಡುತ್ತಿದ್ದವು.

ಜಗಲಿಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಶ್ರುತಿ ಮಾಡಲು ಕೂತ ಆ ಬೆಳಿಗ್ಗೆಯನ್ನು ನಾನು ಬದುಕಿರುವ ತನಕ ಮರೆಯುವುದಿಲ್ಲ. ಯಾವ ಸ್ವರ ಹಿಡಿದರೂ ನಿಮ್ಮ ಶ್ರುತಿಯಲ್ಲ. ಏರಿಸಿದೆ, ಇಳಿಸಿದೆ, ಕಣ್ಣಲ್ಲಿ ನೀರು ಬಂತು. ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಅಂಗಲ್ಲ ಕಣಮ್ಮಿ. ಮೊದ್ಲು ನೀನು ಹೂಂ ಅನ್ಬೇಕು."

ನಾನು ಅರ್ಥವಾಗದೆ ನೋಡಿದೆ. ಅತ್ತೆ ಮೊರ ಕೆಳಗಿಟ್ಟರು.

"ನಿಮ್ಮಾವ ದಿನಾ ಕಾಫಿ ಆಯ್ತಾ ಅಂತಿದ್ದುದು ಕಾಫಿಗೆ ಅನ್ಕಂಡಿದ್ದಾ? ನಿನ್ ಹೂಂ ಕೇಳ್ಕಂಡು ಆ ಒಂದು ತಂತಿ ಕೂಡಿಸ್ಕತಿದ್ರು. ಮಿಕ್ಕಿದ್ದೆಲ್ಲ ಅದರ ಮ್ಯಾಲೆ. ಯಾಕಿಂಗೆ ಅಂತ ಕೇಳ್ದೆ. ಅವಳ ಗಂಟ್ಲಲ್ಲಿ ಅದೊಂದು ಸ್ವರ ಗಟ್ಟಿಯಾಗಿ ಉಳಿದದೆ, ಯೋಳಿದ್ರೆ ನಾಚ್ಕೆಗೆ ಹೂಂ ಅನ್ನೋದೂ ಬುಟ್ಬುಡ್ತಾಳೆ, ಸುಮ್ಕಿರು ಅಂದ್ರು."

ಮಾವ, ತಂತಿ ಕಿತ್ತುಹೋಗುತ್ತದೆ ಎಂಬ ಸುಳ್ಳು, ಬಾವಿಯೊಳಗಿನ ದನಿ, ರೈಟರ ಮುಂದೆ ಹಿಡಿದ ಹಟ, ಎಲ್ಲ ಒಟ್ಟಿಗೆ ನೆನಪಾಯಿತು. ಊರು ಹೊಗಳಿದ ನಿಮ್ಮ ಕಂಠವನ್ನು ಕೆಳಗಿಳಿಸಿಕೊಂಡು ನನ್ನ ಗೊಗ್ಗರು "ಹೂಂ"ಗೆ ಜೋಡಿ ಮಾಡಿದಿರಲ್ಲ, ಅದೂ ವರ್ಷಗಟ್ಟಲೆ, ಒಂದು ದಿನವೂ ಹೇಳಿಕೊಳ್ಳದೆ. ನಾನು ಹಾಡುವುದಿಲ್ಲ ಎಂದ ದಿನ ನೀವು ಸುಮ್ಮನೆ ಎದ್ದು ಹೋದದ್ದನ್ನು ಕಲ್ಲು ಎಂದುಕೊಂಡೆನಲ್ಲ. ಅವತ್ತಿನಿಂದಲೇ ನೀವು ಅಂಗಡಿಯ ಗಂಟೆಗಳಲ್ಲಿ ಜೋಡಿ ಹುಡುಕುವ ಹಾಗೆ ಹುಡುಕಲು ಶುರುಮಾಡಿದ್ದಿರಬೇಕು. ಕಡೇ ಸಾಲಿನಲ್ಲಿ ಮೂರನೆಯ ತಂತಿ ಮುಟ್ಟಬೇಡ ಎಂದಿರಿ. ನನ್ನ ಮುಖ ನೋಡುತ್ತ ಕೂತಿರಿ. ನೀವು ಏನನ್ನೂ ಹುಡುಕುತ್ತಿರಲಿಲ್ಲ. ಸಿಕ್ಕಿಯಾಗಿತ್ತು, ಕಾಯುತ್ತಿದ್ದಿರಿ. ಬಾಯಿಬಿಟ್ಟು ಒಂದು ಸಲ ಕೇಳಿದ್ದರೆ? ಕೇಳಿದ್ದರೆ ನಾನು ಖಂಡಿತ ಆಗುವುದಿಲ್ಲ ಎನ್ನುತ್ತಿದ್ದೆ, ಅದೂ ನಿಮಗೆ ಗೊತ್ತಿತ್ತು.

ಈಗ ಸುದ್ದಿ ಕೇಳಿ. ಕಳೆದ ತಿಂಗಳು ಗಿರಿಜೆಯ ಮದುವೆ ನಮ್ಮ ಮನೆಯ ಮುಂದಿನ ಚಪ್ಪರದಲ್ಲೇ ಆಯಿತು. ಗಂಡು ಒಳ್ಳೆಯವನು, ಮಾತು ಕಡಿಮೆ, ಅಡಿಗೆ ಹೊಗಳಿ ಉಂಡ. ಹೆಂಗಸರ ಸೋಬಾನೆ ಮುಗಿದ ಮೇಲೆ ಗಿರಿಜೆ ಹಸೆಯ ಮೇಲಿಂದಲೇ ನನಗೆ ಕಣ್ಣು ಮಾಡಿದಳು. ನಾನು ಗಿಟಾರು ಎತ್ತಿಕೊಂಡಾಗ ಬೀಗರ ಕಡೆಯವರು ಗುಸುಗುಸು ಎಂದರು. ಅವರ ನಡುವೆ ಅವತ್ತು ಆರತಿಯಲ್ಲಿ ಸೆರಗು ಒತ್ತಿಕೊಂಡು ನಕ್ಕವಳೂ ಕೂತಿದ್ದಳು. ಮೊದಲ ಸುತ್ತು ಮನೆಗೆ ಬಂದೆವು, ಎರಡನೆಯದರಲ್ಲಿ ಪಕ್ಕದ ಮನೆಗೆ. ಅತ್ತೆ ಮತ್ತೆ ಕಣ್ಣೊರೆಸಿಕೊಂಡರು. ಕಡೇ ಸುತ್ತಿನಲ್ಲಿ ಸಂತೆಯ ಮೇಲೆ ಎರಡು ಸಾಲು ಕೂತು, "ಊರು ಬಂತು, ನಿಲ್ಲೊ ಗಾಡಿ" ಎಂದು ಗಿರಿಜೆ ನಿಲ್ಲಿಸಿದಳು. ನಾನು ತೆರೆದ ತಂತಿಗಳನ್ನು ಮೀಟಿದೆ, ಮೂರನೆಯದನ್ನು ಮುಟ್ಟಲಿಲ್ಲ. ಗಿರಿಜೆ ನನ್ನ ಮುಖ ನೋಡಿದಳು, ಥೇಟ್ ನಿಮ್ಮ ಹಾಗೆಯೇ. ಬಾಯಿ ಮುಚ್ಚಿಕೊಂಡೇ ಆ ಒಂದು ಸ್ವರ ಹಿಡಿದೆ. ಬರೀ "ಹೂಂ". ಅದು ನಡುಗಲಿಲ್ಲ, ಗಾಳಿಯಾಗಲಿಲ್ಲ, ಮಾವ. ಇಳಿದು ತಂತಿಗಳ ನಡುವೆ ತನ್ನ ಜಾಗದಲ್ಲಿ ಕೂತುಕೊಂಡಿತು. ತಂತಿಗಳು ಆರಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದೆ.

ಯಾರೂ ನಗಲಿಲ್ಲ. ಊಟದ ಪಂಕ್ತಿ ಏಳುವಾಗ ಪಿರಿಯಾಪಟ್ಟಣದ ಬೀಗಿತ್ತಿ ಅತ್ತೆಯ ಹತ್ತಿರ ಬಂದು, ಕಡೆಗೆ ಬಂತಲ್ಲ ಆ ದನಿ, ಅದು ಆ ವಾದ್ಯದ ಯಾವ ತಂತಿ ಎಂದು ಕೇಳಿದರು. ಅತ್ತೆ ಎಲೆ ಅಡಿಕೆ ತಟ್ಟೆ ಮುಂದೆ ಮಾಡಿ ಹೇಳಿದರು: "ತಂತಿಯಲ್ಲ ಕಣ್ರವ್ವ, ಅದು ನಮ್ಮ ಸೊಸೆ."

ಇನ್ನೊಂದು ವಿಷಯ ಬರೆದು ಮುಗಿಸುತ್ತೇನೆ. ಗಿಟಾರು ಮತ್ತೆ ಅಟ್ಟಕ್ಕೆ ಹೋಗಿಲ್ಲ, ಹೋಗುವುದೂ ಇಲ್ಲ. ಬಿರಡೆ ತಿರುಗಿಸುವುದನ್ನು ನಾನೇ ಕಲಿತಿದ್ದೇನೆ. ಇವತ್ತು ಬೆಳಿಗ್ಗೆ ಮೂರನೆಯ ತಂತಿ ಹಿಡಿದುಕೊಂಡು ಕೂತಿದ್ದೆ. ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದ ಅತ್ತೆ ಒಲೆಯ ಮುಂದಿನಿಂದ ತಿರುಗಿ, "ಕಾಫಿ ಆಯ್ತಾ ಮಗ?" ಎಂದು ಕೇಳಿದರು.

ಹೂಂ ಅಂದೆ, ಮಾವ.

ನಿಮ್ಮ ಸೊಸೆ,
ಸರ್ವಮಂಗಳ